ಸಾವು ಮತ್ತು ತೆರಿಗೆ

ಜುಲೈ ಬಂತೆಂದರೆ ಆಡಿಟರ್ ಆಫೀಸಿನ ಬೆಂಚಿನ ಮೇಲೆ ಸಂಬಳದಲ್ಲಿ ಮುರಿದುಕೊಂಡ ತೆರಿಗೆಯ ಲೆಕ್ಕ ಹೇಳುವ ಫಾರಂ 16 ಹಿಡಿದು ಕೂತ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ: 'ಲೋಕದಲ್ಲಿ ಖಾತ್ರಿ ಇರೋದು ಎರಡೇ ಸ್ವಾಮಿ, ಸಾವು ಮತ್ತು ತೆರಿಗೆ.' ಕೇಳಿದವರೆಲ್ಲ ನಗುತ್ತಾರೆ. ಆದರೆ ಎಲ್ಲರ ಸಂಕಟ ತೆರಿಗೆಯದು. ಸಾವು ಅಲ್ಲಿ ಬರೀ ಒಗ್ಗರಣೆ.

ಮಾತು ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ನನದು ಎಂದು ಪ್ರತೀತಿ. ಅವನು ಬರೆದದ್ದು ನಿಜ, ಹುಟ್ಟಿಸಿದ್ದಲ್ಲ. 1716ರಲ್ಲೇ ಕ್ರಿಸ್ಟೋಫರ್ ಬುಲಕ್ ಎಂಬ ಇಂಗ್ಲಿಷ್ ನಟ ಬರೆದ ಪ್ರಹಸನದಲ್ಲಿ ಅದು ಬಂದಿದೆ. ಹತ್ತು ವರ್ಷದ ಮೇಲೆ 'ರಾಬಿನ್ಸನ್ ಕ್ರೂಸೋ' ಬರೆದ ಡೆಫೋ ಕೂಡ ಬಳಸಿಕೊಂಡ. ಆ ಕಾಲದ ಇಂಗ್ಲೆಂಡಿನವರಿಗೆ ಈ ಜೋಡಿ ಹೊಳೆಯದಿದ್ದರೇ ಆಶ್ಚರ್ಯ. ಮನೆಯ ಕಿಟಕಿಗೆ ತೆರಿಗೆಯಿತ್ತು. ಫ್ರಾನ್ಸಿನ ಮೇಲಿನ ಯುದ್ಧದ ಖರ್ಚಿಗೆಂದು 1695ರಿಂದ ಕೆಲವು ವರ್ಷ ಹೆಣ ಹೂಳುವುದಕ್ಕೂ ತೆರಿಗೆ ಹಾಕಿದ್ದರು. ಸತ್ತು ಪಾರಾಗೋಣವೆಂದರೆ ಅದಕ್ಕೂ ದುಡ್ಡು ಕಟ್ಟಬೇಕು!

ಫ್ರಾಂಕ್ಲಿನ್ನನ ಕಥೆ ಬೇರೆ. 1789ರ ನವೆಂಬರ್ 13ರಂದು ಅವನು ಪ್ಯಾರಿಸ್ಸಿನ ವಿಜ್ಞಾನಿ ಗೆಳೆಯ ಲೆ ರಾಯ್‌ಗೆ ಕಾಗದ ಬರೆದ. ವರ್ಷ ಕಳೆದರೂ ಗೆಳೆಯನಿಂದ ಸುದ್ದಿಯಿಲ್ಲ, ಅಲ್ಲಿ ಕ್ರಾಂತಿಯ ಗದ್ದಲ. ಬದುಕಿದ್ದೀಯೋ, ಇಲ್ಲಾ ಜನ ಧಾನ್ಯ ಬಚ್ಚಿಟ್ಟವನೆಂದು ತಪ್ಪು ತಿಳಿದು ವಿದ್ಯೆ ಬಚ್ಚಿಟ್ಟವನ ತಲೆಯನ್ನೇ ಕೋಲಿಗೆ ಸಿಕ್ಕಿಸಿ ಮೆರವಣಿಗೆ ಮಾಡಿಬಿಟ್ಟರೋ ಎಂದು ಕೇಳುತ್ತಾನೆ. ಆಮೇಲೆ ಸ್ವಂತ ದೇಶದ ಸುದ್ದಿ: ಹೊಸ ಸಂವಿಧಾನ ಜಾರಿಗೆ ಬಂದಿದೆ, ಬಾಳುವ ಲಕ್ಷಣವೂ ಇದೆ, ಆದರೂ ಸಾವು, ತೆರಿಗೆ ಬಿಟ್ಟರೆ ಯಾವುದನ್ನು ಖಾತ್ರಿ ಎನ್ನುವುದು? ಬರೆಯುವಾಗ ಅವನಿಗೆ 83 ವರ್ಷ, ಮೂತ್ರದ ಕಲ್ಲಿನ ವಿಪರೀತ ನೋವು. ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡ. ನಾವು ಗೆಳೆಯನನ್ನೂ ಸಂವಿಧಾನವನ್ನೂ ಬಿಟ್ಟು, ತೆರಿಗೆಯನ್ನು ಮಾತ್ರ ಭದ್ರವಾಗಿ ಇಟ್ಟುಕೊಂಡಿದ್ದೇವೆ.

ನನ್ನ ತಕರಾರು ಒಂದಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ತೆರಿಗೆಗೆ ರಿಯಾಯಿತಿಯುಂಟು, ರೀಫಂಡುಂಟು; 2025ರಲ್ಲಂತೂ ರಿಟರ್ನ್ ಸಲ್ಲಿಸುವ ಜುಲೈ 31ರ ಗಡುವು ಜಾರಿ ಜಾರಿ ಸೆಪ್ಟೆಂಬರ್ 16ಕ್ಕೆ ಬಂತು. ಯಮನ ಇಲಾಖೆ ಇಂಥ ಸುತ್ತೋಲೆ ಹೊರಡಿಸಿದ್ದು ಕೇಳಿಲ್ಲ. ಆದರೆ ಆಡಿಟರು ಒಪ್ಪುವುದಿಲ್ಲ. ನಮ್ಮಲ್ಲೂ 1953ರಿಂದ 1985ರವರೆಗೆ ಸತ್ತವರ ಆಸ್ತಿಯ ಮೇಲೆ ಎಸ್ಟೇಟ್ ಸುಂಕವಿತ್ತಲ್ಲ ಎನ್ನುತ್ತಾರೆ. ಅದು ಹೋದರೂ, ತೀರಿಕೊಂಡ ದಿನದವರೆಗಿನ ಆದಾಯಕ್ಕೆ ವಾರಸುದಾರರು ಲೆಕ್ಕ ಒಪ್ಪಿಸಲೇಬೇಕು. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಅದಕ್ಕೇ ಬೇರೆ ನೋಂದಣಿ. ಮರಣ ಪ್ರಮಾಣಪತ್ರದ ಜೊತೆಗೆ, ಮರೆಯದೆ, ಹೋದವರ ಪ್ಯಾನ್ ಕಾರ್ಡು.