ಸ್ಯಾಂಪಲ್ ತಂದಿದ್ದೀರಾ?

ಹೋದ ಏಪ್ರಿಲ್‌ನಲ್ಲಿ ಇಲ್ಲಿ ಅಮೆರಿಕದ ಒಂದು ಸ್ಪೇರ್ಸ್ ಅಂಗಡಿಯಲ್ಲಿ ನನಗೆ ಸಣ್ಣದೊಂದು ಮುಖಭಂಗವಾಯಿತು. ಪೇಪರಿನಲ್ಲಿ ಸುತ್ತಿ ತಂದಿದ್ದ, ನನ್ನ ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಹಳೇ ಪಾಯಿಂಟನ್ನು (ಪ್ಲಗ್ಗಿನಲ್ಲಿ ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಸಣ್ಣ ಸ್ವಿಚ್ಚು) ಕೌಂಟರ್ ಮೇಲಿಟ್ಟು, ಇಂಥದ್ದೇ ಒಂದು ಕೊಡಿ ಅಂದೆ. ಅಂಗಡಿಯ ಮುದುಕ ಅದನ್ನು ಮುಟ್ಟಲೂ ಇಲ್ಲ. ಇಂಜಿನ್ನು ಇಂಥದ್ದೇ ಅಂತ ಗುರುತಿಸುವ ಸ್ಪೆಕ್ ನಂಬರ್ ಎಷ್ಟು ಅಂದ. ಹತ್ತು ಎಚ್‌ಪಿ, ಕೆಂಪು ಗಾಡಿ, ಅಂದೆ. ನನ್ನ ಹಿಂದೆ ನಿಂತಿದ್ದವನು ನಕ್ಕುಬಿಟ್ಟ.

ಮನೆಗೆ ಬಂದು, ಇಂಜಿನ್ನಿಗೆ ಅಂಟಿಸಿದ್ದ ತಗಡಿನ ಜಿಡ್ಡು ಒರೆಸಿ ನಂಬರ್ ಬರೆದುಕೊಂಡು ಹೋದೆ. ಎರಡೇ ನಿಮಿಷ. ನನಗಿಂತ ಹಿರಿಯ ಇಂಜಿನ್ನಿಗೆ ಪಾಯಿಂಟು, ಕಂಡೆನ್ಸರ್, ಹೆಡ್ ಗ್ಯಾಸ್ಕೆಟ್ ಮೂರೂ ಹೊಸ ಡಬ್ಬಿಗಳಲ್ಲಿ ಬಂದು ಕೂತವು.

ನಾನಿರುವುದು ಇಂಡಿಯಾನಾದಲ್ಲಿ. (ಇಂಡಿಯಾ ಇರುವುದು ಹೆಸರಿನಲ್ಲಷ್ಟೇ.) ಮನೆ ಕೊಂಡಾಗ ಶೆಡ್ಡಿನಲ್ಲಿ ಒಂದು ಹಳೇ ವೀಲ್ ಹಾರ್ಸ್ ಗಾರ್ಡನ್ ಟ್ರ್ಯಾಕ್ಟರ್ ಸಿಕ್ಕಿತು. ಇದೇ ರಾಜ್ಯದ ಸೌತ್ ಬೆಂಡ್‌ನ ಕಂಪನಿ. 1986ರಲ್ಲಿ ಟೋರೋ ಕಂಪನಿಯವರು ಕೊಂಡುಕೊಂಡರು. ಇಂಜಿನ್ ಕೊಹ್ಲರ್ ಕೆ241, ಬೀಡು ಕಬ್ಬಿಣದ ಒಂಟಿ ಸಿಲಿಂಡರ್. ಆಯಿಲ್ ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡಿನ ಬುಡದಲ್ಲೊಂದು ಸೌಟಿನಂಥದ್ದಿದೆ, ಅದು ಮುಳುಗೆದ್ದು ಎರಚಿದಷ್ಟೇ ಆಯಿಲ್. ಮಟ್ಟ ಇಳಿದರೆ ರಾಡಿನ ಕಥೆ ಮುಗಿದಂತೆ. ಪಾಯಿಂಟಿನ ಗ್ಯಾಪ್ ಕಂಪನಿಯ ಬುಕ್ಕಿನಲ್ಲಿರುವಂತೆ 0.020 ಇಂಚು. ಅದನ್ನು ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿ) ತೂರಿಸಿಯೇ ನೋಡಬೇಕು, ಕಣ್ಣಂದಾಜು ನಡೆಯದು.

ನಮ್ಮ ಮಂಡ್ಯದಲ್ಲಿ ಗುತ್ತಲು ರಸ್ತೆಯ ಯಾವ ಸ್ಪೇರ್ಸ್ ಅಂಗಡಿ ಮುಂದೆ ನಿಂತರೂ ಮೊದಲ ಪ್ರಶ್ನೆ ಒಂದೇ: ‘ಸ್ಯಾಂಪಲ್ ತಂದಿದ್ದೀರಾ?’ ಗದ್ದೆಯಲ್ಲಿ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಸಮೇತ ಹೂತು ನಿಂತ ಟಿಲ್ಲರ್‌ನ ವಾಷರ್ ಬಿಚ್ಚಿಸಿ, ಜೇಬಿಗೆ ಹಾಕಿಕೊಂಡು, ಬಸ್ಸು ಹತ್ತುತ್ತಿದ್ದೆ. ಅಂಗಡಿಯವರು ಡಾಲ್ಡಾ ಡಬ್ಬ ಬೋರಲು ಹಾಕಿ, ಮೂರು ಆರಿಸಿ, ‘ಮೂರ್ನೂ ತಗಂಡೋಗು, ಆಗ್ದಿದ್ದವ ತಂದ್ಕೊಡು’ ಅನ್ನೋರು. ಎಷ್ಟೋ ಸಲ ಮೂರೂ ಆಗುತ್ತಿರಲಿಲ್ಲ. ಮತ್ತೆ ಬಸ್ಸು. ಎಸ್ಸೆಸ್ಸೆಲ್ಸಿ ರಜೆ ಪೂರ್ತಿ ಹೀಗೇ ಕಳೆಯಿತು.

ಅಪ್ಪನ ಯೆಜ್ಡಿ ಬೈಕಿನದಂತೂ ಇನ್ನೊಂದು ಪುರಾಣ. ಮೈಸೂರಿನ ಯಾದವಗಿರಿಯ ಫ್ಯಾಕ್ಟರಿಯಲ್ಲಿ ಹುಟ್ಟಿದ ಗಾಡಿ, ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ತವರು. ಆದರೂ ನಮ್ಮ ಮೆಕಾನಿಕ್ ಅದರ ಪಾಯಿಂಟ್ ಸೆಟ್ ಮಾಡುತ್ತಿದ್ದುದು ಲಗ್ನಪತ್ರಿಕೆಯ ಚೂರು ತೂರಿಸಿ! ಬೀಗರು ಸ್ಥಿತಿವಂತರಾದರೆ ಕಾರ್ಡು ದಪ್ಪ, ಕಿಡಿ ಹಾರುವ ಟೈಮಿಂಗೂ ಬೇರೆ. ಕೇಳಿದರೆ, ‘ಏನೂ ಆಗಕಿಲ್ಲ ಬುಡಿ, ಓಡ್ತದೆ.’ ಓಡುತ್ತಿತ್ತು, ನಿಜ. ಮುಂದಿನ ಮದುವೆ ಸೀಸನ್ನಿನವರೆಗೆ.

ನನ್ನ ಸಿಟ್ಟು ಲಗ್ನಪತ್ರಿಕೆ ಮೇಲಲ್ಲ. ಮೂವತ್ತು ವರ್ಷ ಇಂಜಿನ್ ಬಿಚ್ಚಿದ ಆ ಮನುಷ್ಯ ಒಂದು ಅಳತೆಯನ್ನೂ ಎಲ್ಲೂ ಗೀಚಿಡಲಿಲ್ಲ. ನಮ್ಮ ಟಿಲ್ಲರ್‌ಗೆ ಯಾವ ವಾಷರ್ ಕೂರುತ್ತದೆ ಅನ್ನುವುದು ಅವರ ಬೆರಳಿಗೆ ಮಾತ್ರ ಗೊತ್ತು. ಅವರ ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ. ಇಲ್ಲಿ ನೋಡಿದರೆ, ನನಗೆ ಗಾಡಿ ಬಿಟ್ಟುಹೋದ ಅಜ್ಜ ಯಾರೋ ಏನೋ, ಶೆಡ್ಡಿನ ಬಾಗಿಲ ಹಿಂದೆ ಆಯಿಲ್ ಬದಲಿಸಿದ ತಾರೀಕುಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆದಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳದೆ ವಿಧಿಯಿಲ್ಲ. ಪಾಯಿಂಟು, ಕಂಡೆನ್ಸರ್ ಹಾಕಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಹೆಡ್ಡಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದರೂ ಗಾಡಿ ಕಾಲು ಗಂಟೆ ಓಡಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಎರಡು ಶನಿವಾರ ಹೋದವು. ಮೂರನೆಯದರಲ್ಲಿ ಬೇಸತ್ತು ಪೆಟ್ರೋಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಒಳಗೆ ಗಾಳಿ ನುಗ್ಗಿದ ಸದ್ದು ಕೇಳಿಸಿತು. ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡು, ಗಾಳಿಯಿಲ್ಲದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ. ನಮ್ಮ ಮೆಕಾನಿಕ್ ಯಾವ ಗಾಡಿಗೆ ಕೈ ಹಾಕಿದರೂ ಮೊದಲು ಮಾಡುತ್ತಿದ್ದುದೇ ಅದು: ಟ್ಯಾಂಕಿನ ಮುಚ್ಚಳ ಸಡಿಲಿಸಿ ಕಿಕ್ ಹೊಡೆಯುವುದು.

ಅವರಿಗೆ ಮೂರು ಶನಿವಾರ ಎಲ್ಲಿತ್ತು? ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ನೀರು, ಕೆಲವು ದಿನ ಬಂದ್) ನೀರು ಬಿಟ್ಟಾಗ ಟಿಲ್ಲರ್ ಅವತ್ತೇ ಸಂಜೆ ಗದ್ದೆಗಿಳಿಯಬೇಕು. ನನ್ನದು ವಾರಕ್ಕೊಮ್ಮೆ ಹುಲ್ಲು ಕತ್ತರಿಸುವ ಶೋಕಿ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರು ಹೋಗಿ ಮೆಕಾನಿಕ್‌ಗೆ ಹೇಳಿದ್ದಾರೆ. ‘ಆ ಬುಕ್ಕಲ್ಲಿ ಮುಚ್ಚಳುದ್ ಇಸ್ಯ ಬರ್ದಿಲ್ವಂತಾ?’ ಅಂದರಂತೆ. ಬರೆದಿದೆ. ಆ ಪುಟ ನಾನು ಓದಿರಲಿಲ್ಲ, ಅಷ್ಟೆ. ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.