ತಟ್ಟೆ ಇಡ್ಲಿ ಓಟಿಪಿ

ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಂಡ್ರೆ ಆರ್‌ಸಿ ಟ್ರಾನ್ಸ್‌ಫರ್ ಅಂತ ಒಂದಿರುತ್ತೆ, ಆರ್‌ಟಿಓ ಆಫೀಸಿಗೆ ನಾಲ್ಕು ಸಲ ಅಲೆದಾದ್ರೂ ಕೊನೆಗೆ ಗಾಡಿ ನಿಮ್ಮ ಹೆಸರಿಗೆ ಬರುತ್ತೆ. ಬೆಳಕಲ್ಲೇ ಸುಟ್ಟು ಮರದ ಮೇಲೆ ಅಕ್ಷರ, ಚಿತ್ರ ಕೆತ್ತೋ ಲೇಸರ್ ಎನ್‌ಗ್ರೇವಿಂಗ್ ಮಷಿನ್‌ಗೆ ಆ ಭಾಗ್ಯನೂ ಇಲ್ಲ ಕಣ್ರೀ. ದುಡ್ಡು ನಂದು, ಕರೆಂಟ್ ಬಿಲ್ ನಂದು, ಸುಟ್ಟ ಪ್ಲೈವುಡ್ ವಾಸನೆ ಕುಡಿಯೋನೂ ನಾನೇ, ಆದ್ರೆ ಕಂಪನಿ ಲೆಕ್ಕದಲ್ಲಿ ನನ್ನ ಮೈಸೂರಿನ ಅಂಗಡೀಲಿರೋ ಮಷಿನ್ ಇವತ್ತಿಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟ್ಲು ನಡೆಸೋ ಒಬ್ಬ ಅಣ್ಣಂದು.

ಆ ಅಣ್ಣ ಮೊದ್ಲು ತುಮಕೂರಲ್ಲಿ ಗಿಫ್ಟ್ ಅಂಗಡಿ ಇಟ್ಟಿದ್ರು, ಕೀಚೈನು, ನೇಮ್‌ಪ್ಲೇಟು, ಮದುವೆ ರಿಟರ್ನ್ ಗಿಫ್ಟು ಅಂತ. ಕೈ ಹತ್ತಲಿಲ್ಲ, ಇಡ್ಲಿಗೆ ಬಂದ್ರು, ಇಡ್ಲಿ ಕೈ ಹಿಡೀತು. 60 ವಾಟ್‌ನ ಸಿಓ2, ಅಂದ್ರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಲೇಸರು, 95 ಸಾವಿರಕ್ಕೆ ನಂಗೆ ಕೊಟ್ರು. 'ಜಾಸ್ತಿ ಓಡಿಸೇ ಇಲ್ಲ ಸಾರ್, ಹೊಸದಿದ್ದಂಗೇ ಐತೆ' ಅಂದ್ರು. ಈ ಮಾತು ಹೊಲಿಗೆ ಮಷಿನ್‌ಗಾದ್ರೆ ಸರಿ. ಲೇಸರಿನ ಗಾಜಿನ ಟ್ಯೂಬು ಹಂಗಲ್ಲ, ಅದರೊಳಗಿನ ಗ್ಯಾಸು ಓಡಿಸಿದ್ರೂ ಸವೆಯುತ್ತೆ, ಸುಮ್ನೆ ಮೂಲೇಲಿ ಇಟ್ರೂ ನಿಧಾನಕ್ಕೆ ಕೆಡ್ತಾ ಹೋಗುತ್ತೆ, ಫ್ರಿಜ್ಜಲ್ಲಿಟ್ಟ ದೋಸೆ ಹಿಟ್ಟಿನ ಥರ. ಅದಕ್ಕೇ ಟ್ಯೂಬ್ ಮೇಲಿರೋ ತಾರೀಖು ನೋಡಿ ತಗೋಬೇಕಂತೆ. ಇದು ನಂಗೆ ಗೊತ್ತಾಗಿದ್ದು ದುಡ್ಡು ಕೊಟ್ಟು, ಟಾಟಾ ಏಸ್‌ಗೆ ಹತ್ತಿಸಿ, ಮಂಡ್ಯ ದಾಟಿದ್ಮೇಲೆ.

ಮನೇಲಿ ನಮ್ಮನೆಯವಳು 'ಚೀನಾ ಮಾಲಿಗೆ ಇಷ್ಟು ದುಡ್ಡಾ' ಅಂದ್ಲು. ನಾನು ಬಿಡ್ತೀನಾ, ಈ ಸಿಓ2 ಲೇಸರ್ ಕಂಡುಹಿಡಿದಿದ್ದೇ ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತೀಲಿ ಹುಟ್ಟಿದ ಕುಮಾರ್ ಪಟೇಲ್ ಅನ್ನೋರು, 1964ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಅಂತ ಭಾಷಣ ಬಿಗಿದೆ. ಎಲ್ಲಾ ಕೇಳಿಸಿಕೊಂಡು 'ಹೌದಾ, ರಿಪೇರಿಗೂ ಅವ್ರೇ ಬರ್ತಾರಾ?' ಅಂದ್ಲು.

ಕೆಟ್ಟಿದ್ದು 2025ರ ಆಯುಧಪೂಜೆ ಆದ ಎರಡು ದಿನಕ್ಕೆ. ಸ್ಕ್ರೀನ್ ಮೇಲೆ 'ವಾಟರ್ ಪ್ರೊಟೆಕ್ಟ್ ಎರರ್', ಪಕ್ಕದ ಚಿಲ್ಲರ್‌ದು ಕುಯ್ಯೋ ಅಂತ ಅಲಾರಂ. ಟ್ಯೂಬಿಗೆ ನೀರು ಸುತ್ತಿ ತಣ್ಣಗಿಡೋದೇ ಚಿಲ್ಲರ್ ಕೆಲಸ, ನೀರು ಸರಿಯಾಗಿ ಹರೀತಿಲ್ಲ ಅಂದ್ರೆ ಲೇಸರು ಉರಿಯೋದೇ ಇಲ್ಲ. ರಾಜ್ಯೋತ್ಸವಕ್ಕೆ ಅರವತ್ತು ಸ್ಮರಣಿಕೆ ಆರ್ಡರ್ ಬೇರೆ ಹಿಡಿದಿದ್ದೆ, ಎಲ್ಲದರ ಮೇಲೂ ಭುವನೇಶ್ವರಿ. ಪಕ್ಕದ ಬೀದಿ ಎಲೆಕ್ಟ್ರಿಷಿಯನ್ ಬಂದು 'ಎರಡು ವೈರು ಸೇರಿಸಿಬಿಟ್ರೆ ಎರರ್ ಹೋಯ್ತದೆ ಬುದ್ಧಿ' ಅಂದ. ಎರರ್ ಹೋಗುತ್ತೆ, ಜೊತೆಗೆ ಟ್ಯೂಬೂ ಬಿಸಿಗೆ ಬಿರಿದು ಹೋಗುತ್ತೆ. ಅವನಿಗೆ ಟೀ ಕುಡಿಸಿ ಕಳಿಸಿದೆ.

ಕಂಪನಿ ಸಪೋರ್ಟ್‌ಗೆ ಬರೆದೆ. ತಕ್ಷಣ ಉತ್ತರ ಬಂತು! 'ಡಿಯರ್ ಫ್ರೆಂಡ್, ನ್ಯಾಷನಲ್ ಡೇ ರಜೆ, 9ನೇ ತಾರೀಖು ಸಿಗೋಣ.' ನಾವು ಮಷಿನ್‌ಗೆ ಪೂಜೆ ಮಾಡಿದ ಅಕ್ಟೋಬರ್ 1ಕ್ಕೇ ಅವ್ರ ರಾಷ್ಟ್ರೀಯ ದಿನ, ಇಡೀ ಚೀನಾಕ್ಕೆ ಎಂಟು ದಿನ ರಜ.

9ನೇ ತಾರೀಖು ಬೆಳಿಗ್ಗೆ ಆರೂವರೆಗೇ ಫೋನ್ ಹಿಡ್ಕೊಂಡು ಕೂತೆ, ಅವ್ರು ನಮಗಿಂತ ಎರಡೂವರೆ ಗಂಟೆ ಮುಂದೆ. ಮೊದಲನೇ ಪ್ರಶ್ನೆ, ಸೀರಿಯಲ್ ನಂಬರ್. ಅದಿರೋದು ಮಷಿನ್ ಹಿಂಭಾಗದಲ್ಲಿ, ಗೋಡೆ ಕಡೆ. ಮಷಿನ್ ಒಬ್ಬನೇ ಜರುಗಿಸೋ ಅಂಥದ್ದಲ್ಲ, ಮಗನ ಸೆಲ್ಫಿ ಸ್ಟಿಕ್ ಸಂದಿಗೆ ತೂರಿಸಿ ಫೋಟೋ ತೆಗೆದೆ. ಮೊದಲ ಎರಡು ಫೋಟೋದಲ್ಲಿ ಹಲ್ಲಿ, ಮೂರನೇದ್ರಲ್ಲಿ ನಂಬರು.

ನಂಬರ್ ಕೊಟ್ಟೆ ನೋಡಿ, ಅಲ್ಲಿಂದ ಶುರು. 'ಡಿಯರ್ ಫ್ರೆಂಡ್, ಈ ಮಷಿನ್ ಬೇರೆ ಗ್ರಾಹಕರದ್ದು. ರಿಜಿಸ್ಟರ್ಡ್ ಮೊಬೈಲ್‌ಗೆ ಕೋಡ್ ಕಳಿಸಿದ್ದೀವಿ, ಐದು ನಿಮಿಷದಲ್ಲಿ ಹಾಕಿ.' ಕ್ಯಾತ್ಸಂದ್ರಕ್ಕೆ ಫೋನ್ ಮಾಡಿದೆ. ಟೈಮು ಏಳೂಮುಕ್ಕಾಲು, ಇಡ್ಲಿ ಹೋಟ್ಲಲ್ಲಿ ಯಾರಾದ್ರೂ ಉಸಿರಾಡೋ ಹೊತ್ತಾ ಅದು?

'ಹೇಳ್ಕಳಿ ಸಾರ್, ನಾಲ್ಕು... ಏಳು... ಎರಡು ಬೆಣ್ಣೆ ಹಾಕ್ ಕೊಡ್ಲಾ... ಒಂಬತ್ತು... ಸೊನ್ನೆ... ಒಂದ್ ವಡೆ...'

ಇದ್ರಲ್ಲಿ ಕೋಡ್ ಎಷ್ಟು, ಟೇಬಲ್ ನಂಬರ್ ನಾಲ್ಕರ ಆರ್ಡರ್ ಎಷ್ಟು? ಬೆಣ್ಣೆ ಎರಡನ್ನ ಸೇರಿಸಿ ಹಾಕಿದೆ, ತಪ್ಪು. ಬಿಟ್ಟು ಹಾಕಿದೆ, ತಪ್ಪು. ವಡೆ ಸೇರಿಸಿದೆ, ಅಕೌಂಟ್ 24 ಗಂಟೆ ಲಾಕ್.

ಮಾರನೇ ದಿನ ಅಣ್ಣ ಗಲ್ಲಾಪೆಟ್ಟಿಗೆಗೆ ಮಗಳನ್ನ ಕೂರಿಸಿ, ಅಡುಗೆಮನೆಗೆ ಹೋಗಿ ಕೋಡ್ ಓದಿದ್ರು. ಟಿಕೆಟ್, ಅಂದ್ರೆ ನನ್ನ ದೂರು, ಓಪನ್ ಆಯ್ತು, ಆದ್ರೆ ಓಪನ್ ಆಗಿದ್ದು ಅವ್ರ ಹೆಸರಲ್ಲಿ, ಹಾಗಾಗಿ ಅಲ್ಲಿಂದ ಮುಂದಕ್ಕೆ ಚಾಟಲ್ಲಿ ನಾನೇ ತುಮಕೂರಿನ ಅಣ್ಣ. ಫೋಟೋ ಕೇಳಿದ್ರು, ಕಳಿಸಿದೆ. ಎರಡೇ ನಿಮಿಷಕ್ಕೆ ಗಾಬರಿ ಮೆಸೇಜು, 'ಡಿಯರ್ ಫ್ರೆಂಡ್, ಚಿಲ್ಲರ್ ಮೇಲೆ ಕೆಂಪು ದ್ರವ ಕಾಣ್ತಿದೆ, ಕೂಡಲೇ ಪವರ್ ಆಫ್ ಮಾಡಿ, ಯಾರಿಗಾದ್ರೂ ಗಾಯ ಆಗಿದ್ಯಾ?' ಅಮ್ಮ ಆಯುಧಪೂಜೆಗೆ ಕುಂಕುಮ ನೀರಲ್ಲಿ ಕಲಸಿ ಧಾರಾಳವಾಗಿ ಬೊಟ್ಟು ಇಟ್ಟಿದ್ರು, ಅದು ಚಿಲ್ಲರ್ ಹಣೆಯಿಂದ ಗಲ್ಲದವರೆಗೂ ಇಳಿದು ಒಣಗಿತ್ತು. ಟ್ರಾನ್ಸ್‌ಲೇಟ್ ಆಪಲ್ಲಿ ಕುಂಕುಮ ಅಂದ್ರೇನು, ಮಷಿನ್‌ಗೆ ಯಾಕೆ ಪೂಜೆ ಅಂತ ವಿವರಿಸೋ ಹೊತ್ತಿಗೆ ಅರ್ಧ ಗಂಟೆ. ಆ ಕಡೆಯಿಂದ ಒಂದು ನಮಸ್ಕಾರದ ಇಮೋಜಿ ಬಂತು. ಅಲ್ಲಿವರೆಗಿನ ಉತ್ತರಗಳಲ್ಲಿ ಅದೊಂದೇ ಕಾಪಿ ಪೇಸ್ಟ್ ಅಲ್ಲ ಅನ್ನಿಸಿತು.

ಆಮೇಲೆ ಆ ಪುಣ್ಯಾತ್ಮ, ಅಥವಾ ಪುಣ್ಯಾತ್ಗಿತ್ತಿ, ಕೇಳಿದ ಪ್ರಶ್ನೆ ಮಾತ್ರ ಚಿನ್ನದಂಥದ್ದು, 'ನೀರಿನ ಬಣ್ಣ ಏನು?' ಟ್ಯಾಂಕ್ ಮುಚ್ಚಳ ತೆಗೆದು ನೋಡ್ತೀನಿ, ಪಾನಕದ ಬಣ್ಣ. ಡಿಸ್ಟಿಲ್ಡ್ ವಾಟರೇ ಆಗ್ಬೇಕು ಅಂತ ನಾನು ಬ್ಯಾಟರಿ ಅಂಗಡಿಯಿಂದ ಕ್ಯಾನ್ ಹೊತ್ತು ತಂದು ಸುರಿದಿದ್ದೆ, ಅದು ಹಿಂಗ್ಯಾಕಾಯ್ತು? ಫಿಲ್ಟರ್ ಬಿಚ್ಚಿದ್ರೆ ಒಂದು ಹಿಡಿ ಚೆಂಡುಹೂವಿನ ಎಸಳು, ಎರಡು ತುಳಸಿ ದಳ.

'ಅಮ್ಮಾ!'

'ನೀರು ಕುಡಿಯೋ ಮಷಿನ್ನು ಅಂದ್ಯಲ್ಲೋ, ಕಳಶದ ನೀರು ಚೆಲ್ಲಬಾರ್ದು ಅಂತ ಅದಕ್ಕೇ ಹಾಕ್ದೆ. ಗಂಗೆ ಅಲ್ವೇನೋ.'

ಫಿಲ್ಟರ್ ತೊಳೆದು ನೀರು ಬದಲಾಯಿಸಿದೆ, ಅಲಾರಂ ನಿಂತಿತು, ಭುವನೇಶ್ವರಿ ತಾಯಿ ಅರವತ್ತೂ ಸಲ ದರ್ಶನ ಕೊಟ್ಟಳು. ಸಪೋರ್ಟ್‌ಗೆ ಹೂವಿನ ಎಸಳಿನ ಫೋಟೋ ಕಳಿಸಿದೆ. 'ಡಿಯರ್ ಫ್ರೆಂಡ್, ದಯವಿಟ್ಟು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ, ಸಲಾಡ್ ಹಾಕಬೇಡಿ' ಅಂತ ಬಂತು. ಟ್ರಾನ್ಸ್‌ಲೇಶನ್ ತಪ್ಪೋ, ತಮಾಷೆಯೋ, ಇವತ್ತಿಗೂ ಗೊತ್ತಾಗಿಲ್ಲ.

ವಾರ ಬಿಟ್ಟು ಕ್ಯಾತ್ಸಂದ್ರದಿಂದ ಫೋನು. 'ಸಾರ್, ಸರ್ವೀಸ್ ಹೆಂಗಿತ್ತು ಅಂತ ಕಂಪನಿಯೋರು ಮೆಸೇಜ್ ಕಳಿಸವ್ರೆ. ಐದು ಸ್ಟಾರ್ ಒತ್ತಿದ್ದೀನಿ. ಕೆಳಗಡೆ ಏನಾರ ಬರೀರಿ ಅಂದಿದ್ರು, ಇಡ್ಲಿ ತಿನ್ನಕ್ಕೆ ಬನ್ನಿ ಅಂತ ಬರ್ದೆ, ತಪ್ಪೇನಿಲ್ವಲ್ಲ?'