ದೋಷಿ ದೋಸೆ, ನಿರ್ದೋಷಿ ಬೀರು

ನಮ್ಮ ಭಾವ ಬಲು ನಿಷ್ಠುರ ಮನುಷ್ಯ. ಬೀದಿ ಕೊನೆಯ ಹೋಟೆಲಿನ ದೋಸೆ ಬಿಟ್ಟು ಆರು ವರ್ಷವಾಯಿತು. ದೋಸೆ ಕೆಟ್ಟಿದೆ ಅಂತಲ್ಲ. ಹೋಟೆಲಿನವನು ಚೀಟಿ ಎತ್ತಿಕೊಂಡ ಮೇಲೆ ಕಂತು ಕಟ್ಟಲಿಲ್ಲವಂತೆ. ಇಪ್ಪತ್ತು ಸಾವಿರ ರೂಪಾಯಿ. “ಅಂಥವನ ಕೈ ದೋಸೆ ನನ್ನ ಗಂಟಲಲ್ಲಿ ಇಳಿಯಲ್ಲ” ಅನ್ನುತ್ತಾರೆ.

ಕಳೆದ ಭಾನುವಾರ ಅದೇ ಗಂಟಲಲ್ಲಿ ತಣ್ಣನೆಯ ಕಿಂಗ್‌ಫಿಷರ್ ಸಲೀಸಾಗಿ ಇಳಿಯುತ್ತಿತ್ತು. ಮೈಮೇಲೆ ಆರ್‌ಸಿಬಿ ಟೀ ಶರ್ಟ್ ಬೇರೆ.

“ಭಾವ, ಈ ಬಾಟಲಿ ಮೇಲಿರೋ ಹಕ್ಕಿ ವಿಜಯ್ ಮಲ್ಯ ಅವರ ವಿಮಾನದ ಮೇಲೂ ಇತ್ತು ಅಲ್ವಾ?” ಅಂದೆ.

“ಸರಕು ಬೇರೆ, ಸಾಹುಕಾರ ಬೇರೆ. ನಾನು ಕುಡೀತಿರೋದು ಬೀರು, ಮಲ್ಯನ ಚಾರಿತ್ರ್ಯ ಅಲ್ಲ.”

ಚೀಟಿ ಮುರಿದವನ ಪಾಪ ಚಟ್ನಿಗೂ ಅಂಟಿತು. ಬ್ಯಾಂಕುಗಳು ಸುಮಾರು 9,000 ಕೋಟಿ ಕೊಡಿ ಅಂತ ಬೆನ್ನು ಹತ್ತಿದವರ ವಿಷಯದಲ್ಲಿ ಮಾತ್ರ ನೊರೆಗೂ ಅಂಟಲಿಲ್ಲ.

ಭಾವನ ಸಿದ್ಧಾಂತವನ್ನು ಬ್ಯಾಂಕಿನವರೂ ಒಮ್ಮೆ ಪರೀಕ್ಷೆ ಮಾಡಿದ್ದರು. ನಾವು ಗಿರವಿ ಅಂಗಡಿಗೆ ಒಂದು ಜೊತೆ ಓಲೆ ಒಯ್ದರೂ, ಒರೆಗಲ್ಲಿಗೆ ಉಜ್ಜದೆ ಅವನು ಕಾಸು ಬಿಚ್ಚಲ್ಲ. ಮಲ್ಯ ಅವರ ಕಿಂಗ್‌ಫಿಷರ್ ವಿಮಾನ ಕಂಪನಿಗೆ ಸಾಲ ಕೊಟ್ಟ ಬ್ಯಾಂಕುಗಳು ಅಡ ಇಟ್ಟುಕೊಂಡದ್ದರಲ್ಲಿ ಹೆಸರೂ ಇತ್ತು! ಹೆಸರು, ಹಕ್ಕಿಯ ಚಿತ್ರ, ಜಾಹೀರಾತಿನ ಸಾಲು. ಅವತ್ತು ಅದಕ್ಕೆ ಕಟ್ಟಿದ್ದ ಬೆಲೆ 4,000 ಕೋಟಿಗೂ ಜಾಸ್ತಿ. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. 2016ರ ಮಾರ್ಚ್ 2ರಂದು ಮಲ್ಯ ಲಂಡನ್ನಿಗೆ ಹೊರಟರು. ಬೇರೆಯವರ ವಿಮಾನದಲ್ಲಿ, ಪಾಪ. ತಮ್ಮದು ಹಾರುತ್ತಿರಲಿಲ್ಲವಲ್ಲ.

ಏಪ್ರಿಲ್ ಕೊನೆಗೆ ಬ್ಯಾಂಕುಗಳು ಆ ಹೆಸರನ್ನು ಹರಾಜಿಗಿಟ್ಟವು. ಕನಿಷ್ಠ ಬೆಲೆ 366.70 ಕೋಟಿ. ಸಾಹುಕಾರನಿಂದ ಸಿಪ್ಪೆ ಸುಲಿದಂತೆ ಬೇರೆ ಮಾಡಿದ ಅಪ್ಪಟ ಹೆಸರು. ಒಬ್ಬರೂ ಕೂಗಲಿಲ್ಲ. ಅದೇ ಹೊತ್ತಿಗೆ ಬಾಟಲಿ ಮೇಲಿನ ಹಕ್ಕಿ ಊರೂರಿನ ಫ್ರಿಜ್ಜಿನಲ್ಲಿ ಸುಖವಾಗಿ ಕೂತಿತ್ತು.

“ಬೀರಿನ ಕಂಪನಿ ಈಗ ಹೈನೆಕೆನ್‌ನವರ ಕೈಲಿದೆ ಕಣೋ” ಅಂದರು ಭಾವ.

“ಅದು 2021ರಿಂದ. ಅದಕ್ಕೆ ಮುಂಚೆ ಏನು, ಮಜ್ಜಿಗೆ ಕುಡೀತಿದ್ರಾ?”

ಭಾವ ಸೋಲೊಪ್ಪುವವರಲ್ಲ. “ಬ್ಯಾಂಕುಗಳಿಗೆ 14,131 ಕೋಟಿ ವಾಪಸ್ ಸಿಕ್ಕಿದೆ. 2024ರ ಡಿಸೆಂಬರ್‌ನಲ್ಲಿ ಲೋಕಸಭೇಲಿ ಸರ್ಕಾರವೇ ಹೇಳಿದೆ. ಸಾಲ ತೀರಿತು, ಇನ್ನೇನು?”

ಹೇಳಿದ್ದು ನಿಜ. ಆದರೆ ಆ ದುಡ್ಡು ಬಂದದ್ದು ಆಸ್ತಿ, ಷೇರು ಮುಟ್ಟುಗೋಲು ಹಾಕಿ, ಮಾರಿ.

“ಹಾಗಾದ್ರೆ ಭಾವ, ಹೋಟೆಲಿನವನ ಗ್ರೈಂಡರ್ ಕಿತ್ತುಕೊಂಡು ಮಾರಿಬಿಟ್ರೆ ನೀವು ಅವನ ದೋಸೆ ತಿಂತೀರಾ?”

“ಅದು ಬೇರೆ ವಿಷಯ.”

ಬೇರೆ ಹೇಗೆ ಅಂತ ಹೇಳಲಿಲ್ಲ. ನನಗೆ ಅನ್ನಿಸಿದ್ದು ಇಷ್ಟು. ದೋಸೆ ಬಿಟ್ಟರೆ ನಷ್ಟವಿಲ್ಲ, ಎದುರುಗಡೆ ಇನ್ನೊಂದು ಹೋಟೆಲಿದೆ. ಆರ್‌ಸಿಬಿ ಬಿಡೋಕಾಗುತ್ತಾ? 2008ರಲ್ಲಿ ಮಲ್ಯ ಅವರ ಕಂಪನಿ ಕೊಂಡ ತಂಡ, ವಿಸ್ಕಿಯ ಹೆಸರು ಹೊತ್ತ ತಂಡ. ಹದಿನೆಂಟನೇ ಸಲಕ್ಕೆ, 2025ರಲ್ಲಿ ಕಪ್ ತಂತು. ಅಷ್ಟು ವರ್ಷ ಕಾದವರಿಗೆ ಈಗ ನೀತಿಪಾಠ ಹೇಳಿದರೆ ಹೊಡೆತ ಬೀಳುತ್ತದೆ.

ಆದರೂ ಬಾಯಿ ಸುಮ್ನಿರಬೇಕಲ್ಲ. “ಸರಿ ಭಾವ, ಸರಕು ಬೇರೆ, ತಯಾರಿಸಿದವರು ಬೇರೆ. 2002ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ಮಲ್ಯ ಅವರನ್ನ ರಾಜ್ಯಸಭಾ ಸದಸ್ಯರನ್ನಾಗಿ ತಯಾರು ಮಾಡಿ ದೆಹಲಿಗೆ ಕಳಿಸಿದ್ದು ಯಾರು?”

“ಕರ್ನಾಟಕದ ಶಾಸಕರು.”

“ಆ ಶಾಸಕರನ್ನ ತಯಾರು ಮಾಡಿದ್ದು?”

ಭಾವ ಬಾಟಲಿ ತಿರುಗಿಸಿ ಲೇಬಲ್ಲನ್ನು ಬಹಳ ಹೊತ್ತು ಓದಿದರು. ಆಮೇಲೆ, “ಇದ್ಯಾಕೋ ಬೆಚ್ಚಗಾಯ್ತು. ಫ್ರಿಜ್ಜಿನಿಂದ ಇನ್ನೊಂದು ತಗೊಂಡು ಬಾ” ಅಂದರು.